ಐಸ್ ದಾರಿಯಲ್ಲಿ ಬೀಳದೆ ನಡೆಯಲು: ಮುಂಬಯಿಯಿಂದ ಹೊರಡುವ ಕನ್ನಡಿಗರಿಗೊಂದು ಮಾರ್ಗದರ್ಶಿ

ನವೆಂಬರ್ ಬಂತೆಂದರೆ ಮಾಟುಂಗಾ, ಮುಲುಂಡ್, ಡೊಂಬಿವಲಿಯ ಕನ್ನಡದ ಮನೆಗಳಲ್ಲಿ ಅಟ್ಟದ ಮೇಲಿನ ಸೂಟ್‌ಕೇಸ್ ಕೆಳಗಿಳಿಯುತ್ತದೆ. ಮಗಳ ಬಾಣಂತನ, ಮೊಮ್ಮಗನ ಹುಟ್ಟುಹಬ್ಬ, ಕ್ರಿಸ್‌ಮಸ್ ರಜೆ, ಹೀಗೆ ಏನೋ ಒಂದು ಕಾರಣಕ್ಕೆ ಟೊರೊಂಟೊಗೋ ಶಿಕಾಗೋಗೋ ಹೊರಡುವ ಸಮಯ. ಮೆಂತ್ಯದ ಹಿಟ್ಟು, ಚಟ್ನಿಪುಡಿ, ಬಾಣಂತಿ ಲೇಹ್ಯ, ಮಗುವಿಗೆ ಹಳೇ ಸೀರೆಯ ಮೆತ್ತನೆ ಬಟ್ಟೆ, ಎಲ್ಲಕ್ಕೂ ಪಟ್ಟಿ ಇರುತ್ತದೆ. ಕಾಲಿಗೆ ಏನು ಹಾಕಿಕೊಳ್ಳುತ್ತೀರಿ ಅಂತ ಕೇಳಿ ನೋಡಿ. "ಸ್ಪೋರ್ಟ್ಸ್ ಶೂ ಇದೆಯಲ್ಲ, ಸಾಕು" ಅನ್ನುತ್ತಾರೆ.

ಸಾಲದು. ಚಳಿಗೆ ಜಾಕೆಟ್ ಇದೆ, ಮನೆಯೊಳಗೆ ಹೀಟರ್ ಇದೆ. ಆದರೆ ವಯಸ್ಸಾದವರು ಐಸ್ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರೆ ಆಪರೇಷನ್, ತಿಂಗಳುಗಟ್ಟಲೆ ಚೇತರಿಕೆ. ಬಾಣಂತನ ಮಾಡಲು ಹೋದ ತಾಯಿಯನ್ನು ಬಾಣಂತಿಯೇ ನೋಡಿಕೊಳ್ಳುವ ಹಾಗಾಗುತ್ತದೆ. ಇದನ್ನು ತಪ್ಪಿಸಬಹುದು. ಅದಕ್ಕೆ ಬೇಕಾದ ತಯಾರಿ ಅಲ್ಲಿ ಹೋದ ಮೇಲಲ್ಲ, ಇಲ್ಲಿ ಮುಂಬಯಿಯಲ್ಲೇ ಶುರುವಾಗಬೇಕು.

ಮುಂಬಯಿ ಮಳೆ ಕಲಿಸಿದ್ದು ಎಷ್ಟು ಉಪಯೋಗ?

"ನಾವು ಮುಂಬಯಿ ಮಳೆಯಲ್ಲಿ ನಡೆದವರು, ಜಾರೋದೇನು ಹೊಸದಾ?" ಅನ್ನುವವರಿದ್ದಾರೆ. ಮಾತು ಅರ್ಧ ಸರಿ. ಜುಲೈಯಲ್ಲಿ ಪಾಚಿ ಹಿಡಿದ ಪೇವರ್ ಬ್ಲಾಕ್ ಮೇಲೆ, ಸ್ಟೇಷನ್ನಿನ ಒದ್ದೆ ಮೆಟ್ಟಿಲ ಮೇಲೆ ಓಡಾಡಿದವರಿಗೆ ಪಾದ ಒತ್ತಿ ಇಡುವುದು, ಕಂಬಿ ಹಿಡಿಯುವುದು ಗೊತ್ತು. ಅದು ಅಲ್ಲೂ ಕೆಲಸಕ್ಕೆ ಬರುತ್ತದೆ.

ಆದರೆ ಪಾಚಿ ಹಸಿರಾಗಿ ಕಣ್ಣಿಗೆ ಬೀಳುತ್ತದೆ. ಅಲ್ಲಿನ ಬ್ಲ್ಯಾಕ್ ಐಸ್ ಕಣ್ಣಿಗೆ ಬೀಳುವುದಿಲ್ಲ. ಅದು ಡಾಂಬರಿನ ಮೇಲೆ ಕಟ್ಟುವ ತೆಳ್ಳನೆ, ಪೂರ್ತಿ ಪಾರದರ್ಶಕ ಪದರ. ಮೇಲಿಂದ ನೋಡಿದರೆ ಸುಮ್ನೆ ಒದ್ದೆ ರಸ್ತೆ ಅನ್ನಿಸುತ್ತದೆ. ಆದ್ದರಿಂದ ಮೊದಲ ಪಾಠ ಇದು: ತಾಪಮಾನ ಸೊನ್ನೆಯ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ ಇದ್ದಾಗ ಒದ್ದೆಯಾಗಿ ಹೊಳೆಯುವ ಜಾಗವೆಲ್ಲ ಐಸ್ ಅಂತಲೇ ತಿಳಿಯಿರಿ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಚಳಿ ಹೆಚ್ಚಾದಷ್ಟೂ ಜಾರುವುದು ಹೆಚ್ಚು ಅಂತ. ಹಾಗಲ್ಲ. ಐಸ್‌ನ ಮೇಲ್ಮೈಯಲ್ಲಿ ನೀರಿನಂಥ ಒಂದು ತೀರ ತೆಳು ಪದರ ಇರುತ್ತದೆ. ತಾಪಮಾನ ಸೊನ್ನೆಗೆ ಹತ್ತಿರವಾದಷ್ಟೂ ಅದು ದಪ್ಪ. ಮೈನಸ್ 20ರ ಗಟ್ಟಿ ಐಸ್‌ಗಿಂತ ಸೊನ್ನೆಯ ಹತ್ತಿರದ ಕರಗುವ ಐಸ್ ಜಾಸ್ತಿ ಮೋಸ ಮಾಡುತ್ತದೆ. "ಇವತ್ತು ಚೆನ್ನಾಗಿ ಬಿಸಿಲಿದೆ, ವಾಕಿಂಗ್ ಹೋಗಿ ಬರೋಣ" ಅನ್ನಿಸುವ ದಿನವೇ ಹುಷಾರಾಗಿರಬೇಕು. ಮಧ್ಯಾಹ್ನ ಹಿಮ ಕರಗಿ ಫುಟ್‌ಪಾತ್ ಮೇಲೆ ಹರಿಯುತ್ತದೆ, ಸೂರ್ಯ ಮುಳುಗಿದ ಮೇಲೆ ಅದೇ ನೀರು ಹೆಪ್ಪುಗಟ್ಟುತ್ತದೆ. ಟೊರೊಂಟೊದಲ್ಲಿ ಡಿಸೆಂಬರಿನಲ್ಲಿ ಸಂಜೆ 4.45ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ, ಶಿಕಾಗೋದಲ್ಲಿ 4.20ರ ಸುಮಾರಿಗೆ. ಶಿವಾಜಿ ಪಾರ್ಕಿನಲ್ಲಿ ಬೆಳಿಗ್ಗೆ 6ಕ್ಕೋ ಸಂಜೆ 6ಕ್ಕೋ ಸುತ್ತು ಹಾಕುವ ಅಭ್ಯಾಸ ಅಲ್ಲಿ ನಡೆಯದು. ವಾಕಿಂಗ್ ಸಮಯವನ್ನು ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ ಇಟ್ಟುಕೊಳ್ಳಿ.

ಮತ್ತೆ ನಮ್ಮ ಅವಸರ. ಲೋಕಲ್ ತಪ್ಪೀತು ಅಂತ ಮೆಟ್ಟಿಲು ಹಾರುವುದು, ಬಸ್ ನಿಲ್ಲುವ ಮೊದಲೇ ಇಳಿಯುವುದು ಇಲ್ಲಿ ಮೈಗೆ ಅಂಟಿಬಿಟ್ಟಿದೆ. ಅಲ್ಲಿ ಬಸ್ ತಪ್ಪಿದರೆ ತಪ್ಪಲಿ. ಮುಂದಿನದು ಬರುತ್ತದೆ.

ಎರಡು ತಿಂಗಳು ಮೊದಲು: ಕಾಲು ಗಟ್ಟಿ ಮಾಡಿಕೊಳ್ಳಿ

ನಾನು ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುವುದು ಇದನ್ನೇ. ಒಳ್ಳೇ ಬೂಟು ಹಾಕಿದರೂ ಒಮ್ಮೊಮ್ಮೆ ಕಾಲು ಜಾರಿಯೇ ಜಾರುತ್ತದೆ. ಆ ಕ್ಷಣ ಮೈಯನ್ನು ಹಿಡಿದು ನಿಲ್ಲಿಸುವುದು ತೊಡೆ, ಮೀನಖಂಡ ಮತ್ತು ಪಾದದ ಗಂಟಿನ ಸುತ್ತಲಿನ ಬಲ. ಅದು ವಿಮಾನ ಹತ್ತುವ ವಾರದಲ್ಲಿ ಬರುವುದಿಲ್ಲ.

ಅಡುಗೆ ಕಟ್ಟೆಯ ಪಕ್ಕ ನಿಂತು ಮಾಡುವಂಥದ್ದು ಇದೆಲ್ಲ. ಹಾಲು ಕಾಯುವಷ್ಟು ಹೊತ್ತಿನಲ್ಲಿ ಮುಗಿಯುತ್ತದೆ. ಕಟ್ಟೆಯ ಅಂಚಿಗೆ ಬೆರಳು ತಾಗಿಸಿ ಒಂದು ಕಾಲಿನ ಮೇಲೆ ನಿಲ್ಲಿ. ಮೊದಲು 10 ಸೆಕೆಂಡ್, ನಿಧಾನಕ್ಕೆ 30ಕ್ಕೆ ಏರಿಸಿ, ಆಮೇಲೆ ಇನ್ನೊಂದು ಕಾಲು. ನಂತರ ಹಿಮ್ಮಡಿ ಎತ್ತಿ ಇಳಿಸುವುದು, 10 ಸಲ. ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಊರದೆ ಎದ್ದು ಮತ್ತೆ ಕೂರುವುದು, 10 ಸಲ. ಹಾಲ್‌ನಲ್ಲಿ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಗೋಡೆಯ ಬದಿಗೆ ನಡೆಯುವುದು. ಅಡ್ಡಡ್ಡಲಾಗಿ ಹೆಜ್ಜೆ ಹಾಕುವುದನ್ನೂ ರೂಢಿ ಮಾಡಿ, ಅಲ್ಲಿ ಮೆಟ್ಟಿಲು ಇಳಿಯುವಾಗ ಅದು ಬೇಕಾಗುತ್ತದೆ. ಮಂಡಿನೋವು, ತಲೆಸುತ್ತು ಇದ್ದವರು ಮೊದಲು ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿ ಶುರುಮಾಡಿ.

ಡಾಕ್ಟರ ಹತ್ತಿರ ಹೋದಾಗ ನಾಲ್ಕು ವಿಷಯ ಕೇಳಿಬಿಡಿ. ಕಣ್ಣಿನ ಪೊರೆ ಬಲಿತಿದೆಯಾ? ಮೂಳೆ ಸಾಂದ್ರತೆಯ ಪರೀಕ್ಷೆ ಬೇಕಾ? ಬಿಪಿ ಮಾತ್ರೆಯಿಂದ ಎದ್ದು ನಿಂತಾಗ ತಲೆ ತಿರುಗುತ್ತದೆಯಾ? ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಬಿದ್ದಾಗ ಏನು ಮಾಡಬೇಕು? ಪ್ರಯಾಣ ವಿಮೆ ಮಾಡಿಸುವಾಗ ಮೊದಲೇ ಇರುವ ಕಾಯಿಲೆಗಳನ್ನು ಮುಚ್ಚಿಡಬೇಡಿ. ಅಮೆರಿಕದಲ್ಲಿ ಮೂಳೆ ಆಪರೇಷನ್ನಿನ ಖರ್ಚು ಕೈಯಿಂದ ಕೊಡುವಂಥದ್ದಲ್ಲ.

ಬೂಟು

ವಾಕಿಂಗ್ ಶೂಗಳ ಅಡಿ ಚಳಿಗೆ ಗಟ್ಟಿಯಾಗುತ್ತದೆ. ಗಟ್ಟಿಯಾದರೆ ಹಿಡಿತ ಹೋಯಿತು. ಚರ್ಮದ ಅಡಿಯ ಶೂ ಅಂತೂ ಬೇಡವೇ ಬೇಡ. ಚಳಿಯಲ್ಲೂ ಮೆತ್ತಗಿರುವ ರಬ್ಬರಿನ ಅಡಿ, ಆಳವಾದ ಕಚ್ಚು, ಅಗಲವಾದ ತಗ್ಗು ಹಿಮ್ಮಡಿ, ಪಾದದ ಗಂಟು ಮುಚ್ಚುವಷ್ಟು ಎತ್ತರ, ನೀರು ಇಳಿಯದ ಮೇಲ್ಭಾಗ. ಇಷ್ಟು ಇರಬೇಕು. ನೋಡಲು ಭಾರಿಯಾಗಿ ಕಾಣುವ ಬೂಟೆಲ್ಲ ಐಸ್ ಮೇಲೆ ನಿಲ್ಲುವುದಿಲ್ಲ. ಟೊರೊಂಟೊದ ಪುನಶ್ಚೇತನ ಸಂಶೋಧನಾ ಸಂಸ್ಥೆಯೊಂದು ಐಸ್ ಹಾಸಿದ ಇಳಿಜಾರಿನ ಮೇಲೆ ಜನರನ್ನು ನಡೆಸಿ ಬೂಟುಗಳನ್ನು ಪರೀಕ್ಷಿಸುತ್ತದೆ. 'ರೇಟ್ ಮೈ ಟ್ರೆಡ್ಸ್' ಅನ್ನುವ ಆ ಪಟ್ಟಿಯಲ್ಲಿ ಒಂದು ಹಿಮಹೂವಿನ ಗುರುತು ಸಿಗಬೇಕಾದರೂ 7 ಡಿಗ್ರಿ ಇಳಿಜಾರಿನಲ್ಲಿ ಜಾರದೆ ನಿಲ್ಲಬೇಕು. ಪೇಟೆಯಲ್ಲಿ ಸಿಗುವ ಎಷ್ಟೋ ಬೂಟುಗಳು ಅಷ್ಟನ್ನೂ ದಾಟುವುದಿಲ್ಲ. ಮಗನಿಗೋ ಮಗಳಿಗೋ ಹೇಳಿ, ಆ ಪಟ್ಟಿ ನೋಡಿಯೇ ಕೊಳ್ಳಲಿ.

ಹಾಗಾದರೆ ಇಲ್ಲಿಂದ ಬೂಟು ಬೇಡವಾ? ಬೇಕು, ಒಂದು ಜೊತೆ. ಏರ್‌ಪೋರ್ಟಿನಿಂದ ಕಾರಿನವರೆಗೆ, ಕಾರಿನಿಂದ ಮನೆ ಬಾಗಿಲವರೆಗಿನ ದಾರಿಯೂ ಐಸ್ ದಾರಿಯೇ. ಡೆಕಾಥ್ಲಾನ್‌ನಂಥ ಅಂಗಡಿಗಳಲ್ಲಿ ಹಿಮದ ಬೂಟು ಸಿಗುತ್ತದೆ. ಕಾಲು ಊದಿಕೊಳ್ಳುವ ಸಂಜೆ ಹೊತ್ತಿನಲ್ಲಿ, ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು ಅಳತೆ ನೋಡಿ. ಬೆರಳು ಆಡಿಸಲು ಜಾಗ ಇರಲಿ. ಬಿಗಿಯಾದರೆ ರಕ್ತ ಓಡಾಡದೆ ಕಾಲು ಇನ್ನೂ ತಣ್ಣಗಾಗುತ್ತದೆ.

ಬೂಟಿನ ಮೇಲೆ ರಬ್ಬರಿನಂತೆ ಎಳೆದು ಹಾಕುವ ಮುಳ್ಳಿನ ಪಟ್ಟಿ ಸಿಗುತ್ತದೆ. ಗಟ್ಟಿ ಐಸ್ ಇರುವ ದಿನ ಅದಕ್ಕೆ ಸಮ ಯಾವುದೂ ಇಲ್ಲ. ಆದರೆ ಅಂಗಡಿಯ ಟೈಲ್ಸ್ ಮೇಲೆ ಅದೇ ಮುಳ್ಳು ಜಾರಿಸುತ್ತದೆ. ಒಳಗೆ ಹೋಗುವ ಮೊದಲು ಗೋಡೆಗೋ ಬೆಂಚಿಗೋ ಒರಗಿ ತೆಗೆಯಲೇಬೇಕು. ಬಗ್ಗಿ ಅದನ್ನು ಹಾಕಿ ತೆಗೆಯಲು ನಿಮಗೆ ಆಗುತ್ತದೆಯೇ ಅಂತ ಮನೆಯಲ್ಲೇ ನೋಡಿಕೊಳ್ಳಿ.

ಮನಾಲಿ, ಕುಫ್ರಿ, ಗುಲ್ಮಾರ್ಗ್‌ಗೆ ಡಿಸೆಂಬರ್ ಟೂರ್ ಹೋಗುವವರಿಗೂ ಒಂದು ಮಾತು. ಅಲ್ಲಿ ದಾರಿಬದಿಯಲ್ಲಿ ಬಾಡಿಗೆಗೆ ಕೊಡುವ ಗಂಬೂಟನ್ನು ಹಾಕುವ ಮೊದಲು ತಿರುಗಿಸಿ ಅಡಿ ನೋಡಿ. ಸವೆದು ನುಣ್ಣಗಾಗಿದ್ದರೆ ಬೇರೆ ಕೇಳಿ. ಹೋಟೆಲಿನ ಮುಂದಿನ ಇಳಿಜಾರಿನಲ್ಲಿ ಬೆಳಗಿನ ಹೊತ್ತು ಬಿಸಿಲು ಬೀಳುವವರೆಗೆ ಓಡಾಡಬೇಡಿ.

ಉಡುಪಿನ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಸೀರೆಯ ಅಂಚು ಒದ್ದೆಯಾಗಿ ಬೂಟಿಗೆ ಅಂಟುತ್ತದೆ, ಪಾದ ಎಲ್ಲಿ ಇಡುತ್ತಿದ್ದೇವೆ ಅನ್ನುವುದೂ ಕಾಣುವುದಿಲ್ಲ. ಹೊರಗೆ ಹೋಗುವಾಗ ಥರ್ಮಲ್ ಮೇಲೆ ಪ್ಯಾಂಟೋ ಚೂಡಿದಾರವೋ ಇರಲಿ. ಮಂಕಿ ಕ್ಯಾಪ್ ಅಕ್ಕಪಕ್ಕದ ನೋಟ ಮುಚ್ಚುತ್ತದೆ, ಕಿವಿ ಮುಚ್ಚುವ ಉಣ್ಣೆ ಟೋಪಿ ಸಾಕು. ಕೈಗವಸು ಕಡ್ಡಾಯ. ಅದಿಲ್ಲದಿದ್ದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ, ಜೇಬಿನಲ್ಲಿ ಕೈ ಇಟ್ಟು ಐಸ್ ಮೇಲೆ ನಡೆಯಬಾರದು.

ಬಾಗಿಲು ದಾಟುವ ಮೊದಲು

ಫೋನಿನಲ್ಲಿ ಹವಾಮಾನ ನೋಡುವಾಗ ಈಗಿನ ತಾಪಮಾನ ಮಾತ್ರ ನೋಡಬೇಡಿ. ನಿನ್ನೆ ಸೊನ್ನೆಗಿಂತ ಮೇಲಿತ್ತಾ, ರಾತ್ರಿ ಕೆಳಗಿಳಿಯಿತಾ ಅಂತ ನೋಡಿ. ಹಾಗೆ ಆಗಿದ್ದರೆ ದಾರಿಯಲ್ಲಿ ಐಸ್ ಇದೆ. 'ಫ್ರೀಜಿಂಗ್ ರೇನ್' ಅಂತ ಬರೆದಿದ್ದರೆ ಹೊರಗೆ ಕಾಲಿಡಲೇಬೇಡಿ. ಅದು ನೆಲಕ್ಕೆ ತಾಗಿದ ಕೂಡಲೇ ಗಡ್ಡೆಯಾಗುವ ಮಳೆ. 2013ರ ಡಿಸೆಂಬರಿನಲ್ಲಿ ಟೊರೊಂಟೊದಲ್ಲಿ ಅಂಥ ಮಳೆ ಸುರಿದು ಮರ, ವಿದ್ಯುತ್ ತಂತಿ ಎಲ್ಲ ಐಸ್ ಭಾರಕ್ಕೆ ಮುರಿದು ಲಕ್ಷಾಂತರ ಮನೆಗಳಲ್ಲಿ ಕರೆಂಟ್ ಹೋಗಿತ್ತು.

ಮನೆ ಮುಂದೆ ಉಪ್ಪು ಹಾಕುವುದನ್ನು ನೋಡುತ್ತೀರಿ. ಉಪ್ಪು ಬೆರೆತ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಐಸ್ ಕರಗುತ್ತದೆ. ಆದರೆ ಮೈನಸ್ 10ರ ಸುಮಾರಿಗೆ ಸಾಮಾನ್ಯ ಉಪ್ಪು ಬಹುಮಟ್ಟಿಗೆ ಕೆಲಸ ನಿಲ್ಲಿಸುತ್ತದೆ. ಅಂಥ ದಿನ ಮರಳು ಎರಚಬೇಕು. ಅದು ಐಸ್ ಕರಗಿಸುವುದಿಲ್ಲ, ಕಾಲಿಗೆ ಹಿಡಿತ ಕೊಡುತ್ತದೆ. ಬಾಗಿಲ ಬಳಿ ಒಂದು ಡಬ್ಬದಲ್ಲಿ ಮರಳು ಇಟ್ಟುಕೊಳ್ಳಿ, ಮೊದಲ ಹೆಜ್ಜೆ ಇಡುವ ಮೊದಲೇ ಒಂದು ಹಿಡಿ ಎರಚಿ. ಹಿಮ ಎತ್ತುವ ಸಲಿಕೆಗೆ ಮಾತ್ರ ಕೈ ಹಾಕಬೇಡಿ. ಮಗ ಆಫೀಸಿಗೆ ಹೋಗಿದ್ದಾನೆ, ನಾನೇ ದಾರಿ ಮಾಡಿಡೋಣ ಅನ್ನಿಸುತ್ತದೆ, ಅಲ್ವಾ? ಚಳಿಯಲ್ಲಿ ಆ ಭಾರ ಎತ್ತುವುದು ಹೃದಯಕ್ಕೆ ದೊಡ್ಡ ಹೊರೆ. ವಯಸ್ಸಾದವರಿಗೆ, ಹೃದಯದ ತೊಂದರೆ ಇದ್ದವರಿಗೆ ಅದು ಬೇಡ ಅಂತ ಡಾಕ್ಟರುಗಳು ಪ್ರತಿ ಚಳಿಗಾಲದಲ್ಲೂ ಎಚ್ಚರಿಸುತ್ತಾರೆ.

ನಡೆಯುವ ರೀತಿ

ಮಾಮೂಲಿ ನಡಿಗೆಯಲ್ಲಿ ಹಿಮ್ಮಡಿ ಮೊದಲು ನೆಲಕ್ಕೆ ತಾಗುತ್ತದೆ, ಮೈಭಾರ ಎರಡು ಕಾಲಿನ ಮಧ್ಯೆ ಇರುತ್ತದೆ. ಐಸ್ ಮೇಲೆ ಆ ಹಿಮ್ಮಡಿಯೇ ಮುಂದಕ್ಕೆ ಜಾರಿ ಅಂಗಾತ ಬೀಳಿಸುತ್ತದೆ. ಅದಕ್ಕೇ ಪೆಂಗ್ವಿನ್ ನಡಿಗೆ ಕಲಿಸುತ್ತಾರೆ. ಪಾದಗಳ ತುದಿ ಸ್ವಲ್ಪ ಹೊರಕ್ಕೆ. ಮಂಡಿ ಸ್ವಲ್ಪ ಸಡಿಲ. ಮೈ ಸ್ವಲ್ಪ ಮುಂದಕ್ಕೆ, ಭಾರ ಮುಂದಿನ ಕಾಲಿನ ಮೇಲೆ. ಹೆಜ್ಜೆ ಚಿಕ್ಕದು, ಇಡೀ ಪಾದ ಒಟ್ಟಿಗೆ ನೆಲಕ್ಕೆ. ಕೈಗಳು ಎರಡೂ ಬದಿಗೆ, ಮೈಯಿಂದ ಸ್ವಲ್ಪ ದೂರ. ಒಂದು ಪಾದ ಭದ್ರವಾಗಿ ಕೂತಿತು ಅಂತ ಗೊತ್ತಾದ ಮೇಲೇ ಇನ್ನೊಂದು ಎತ್ತಿ. ಇದನ್ನು ನಿಮ್ಮ ಮನೆಯ ಹಾಲ್‌ನಲ್ಲೇ ಈಗಿನಿಂದ ಮಾಡಿ ನೋಡಬಹುದು.

ಕಣ್ಣು ಮೂರು ನಾಲ್ಕು ಹೆಜ್ಜೆ ಮುಂದೆ ಇರಲಿ. ಕಟ್ಟಡದ ನೆರಳು ಬೀಳುವ ಕಡೆ, ಮಾಡಿನ ನೀರು ಸುರಿಯುವ ಕೊಳವೆಯ ಕೆಳಗೆ, ಸೇತುವೆಯ ಮೇಲೆ ಐಸ್ ಮೊದಲು ಕಟ್ಟುತ್ತದೆ, ಕೊನೆಗೆ ಕರಗುತ್ತದೆ. ಸೇತುವೆಗೆ ಕೆಳಗಿಂದಲೂ ತಣ್ಣನೆ ಗಾಳಿ ತಾಗುತ್ತದೆ ನೋಡಿ, ಅದಕ್ಕೆ. ತುಳಿದು ನುಣ್ಣಗಾದ ದಾರಿಗಿಂತ ಪಕ್ಕದ ಹುಲ್ಲಿನ ಮೇಲಿನ ಒರಟು ಹಿಮ ಎಷ್ಟೋ ವಾಸಿ. ಬೈಫೋಕಲ್ ಅಥವಾ ಪ್ರೋಗ್ರೆಸಿವ್ ಕನ್ನಡಕದ ಕೆಳಭಾಗದಿಂದ ನೋಡಿದರೆ ಮೆಟ್ಟಿಲಿನ ಅಂಚು ಮಸುಕಾಗುತ್ತದೆ, ಗದ್ದ ಇಳಿಸಿ ಮೇಲ್ಭಾಗದಿಂದ ನೋಡಿ. ನಡೆಯುತ್ತ ವಾಟ್ಸಾಪ್ ನೋಡುವುದು ಬೇಡ, ಊರಿಗೆ ವಿಡಿಯೋ ಕಾಲ್ ಮಾಡಿ ಹಿಮ ತೋರಿಸುವುದಾದರೆ ಒಂದು ಕಡೆ ನಿಂತು ತೋರಿಸಿ. ಹೆಪ್ಪುಗಟ್ಟಿದ ಕೆರೆ ಎಷ್ಟೇ ಗಟ್ಟಿ ಕಂಡರೂ ಅದರ ಮೇಲೆ ಹೋಗಬೇಡಿ.

ಸಾಮಾನು ಕೈಚೀಲದಲ್ಲಿ ಬೇಡ, ಬೆನ್ನುಚೀಲದಲ್ಲಿ ಹಗುರವಾಗಿ ಇರಲಿ. ಮೊಮ್ಮಗುವನ್ನು ಎತ್ತಿಕೊಂಡು ಐಸ್ ಮೇಲೆ ನಡೆಯುವುದಂತೂ ಬೇಡವೇ ಬೇಡ. ಕಂಕುಳಲ್ಲಿ ಮಗು ಇದ್ದರೆ ನಿಮ್ಮ ಪಾದ ನಿಮಗೆ ಕಾಣುವುದಿಲ್ಲ, ಬಿದ್ದರೆ ಕೈ ಬಿಡುವಂತಿಲ್ಲ. ಮಗು ಕಾರಿಗೆ ಹೋಗಬೇಕಾದರೆ ಅಲ್ಲಿನ ದಾರಿಗೆ ಒಗ್ಗಿದ ಮಗಳೋ ಅಳಿಯನೋ, ಮರಳು ಹಾಕಿದ ಜಾಗದಲ್ಲಿ, ಎತ್ತಿಕೊಂಡು ಹೋಗಲಿ.

ಕಾರು, ಮೆಟ್ಟಿಲು, ಬಾಗಿಲು

ಉದ್ದ ದಾರಿಯಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ. ಜಾರುವುದು ಹೆಚ್ಚಾಗಿ ಕಾರಿನ ಬಾಗಿಲಲ್ಲಿ, ಮನೆಯ ಮೆಟ್ಟಿಲಲ್ಲಿ.

ಕಾರಿನಿಂದ ಇಳಿಯುವುದನ್ನು ಬಿಡಿಸಿ ಹೇಳುತ್ತೇನೆ. ರಿಕ್ಷಾದಿಂದ ಇಳಿಯುವಂತೆ ಒಂದು ಕಾಲು ಹೊರಗಿಟ್ಟು, ಅದರ ಮೇಲೆ ಭಾರ ಹಾಕಿ ಎದ್ದುಬಿಡುತ್ತೇವೆ. ಆ ಒಂದು ಕಾಲು ಐಸ್ ಮೇಲಿದ್ದರೆ ಕಾರಿನ ಅಡಿಗೇ ಹೋಗುತ್ತದೆ. ಬಾಗಿಲು ಪೂರ್ತಿ ತೆರೆಯಿರಿ. ಮೊದಲು ನೆಲ ನೋಡಿ. ಸೀಟಿನಲ್ಲಿ ಕೂತೇ ಇಡೀ ಮೈ ಹೊರಗಡೆ ತಿರುಗಿಸಿ, ಎರಡೂ ಪಾದ ನೆಲಕ್ಕೆ ಊರಿ. ಪಾದವನ್ನು ಸ್ವಲ್ಪ ಉಜ್ಜಿ ನೋಡಿ, ಜಾರುತ್ತದೆಯೇ ಅಂತ ಗೊತ್ತಾಗುತ್ತದೆ. ಜಾರಿದರೆ ಮಗನಿಗೆ ಹೇಳಿ ಕಾರನ್ನು ನಾಲ್ಕು ಅಡಿ ಮುಂದಕ್ಕೆ ತೆಗೆಸಿ, ಸಂಕೋಚ ಬೇಡ. ಒಂದು ಕೈ ಸೀಟಿಗೆ, ಇನ್ನೊಂದು ಕಾರಿನ ಚೌಕಟ್ಟಿಗೆ ಕೊಟ್ಟು ನಿಧಾನ ಎದ್ದು ನಿಲ್ಲಿ. ನಿಂತ ಮೇಲೂ ಒಂದು ಉಸಿರು ತೆಗೆದುಕೊಂಡೇ ನಡೆಯಿರಿ.

ಮೆಟ್ಟಿಲಲ್ಲಿ ಕಂಬಿ ಬಿಡಬಾರದು. ಇಳಿಯುವಾಗ ಅಡ್ಡಲಾಗಿ ತಿರುಗಿ, ಎರಡೂ ಕಾಲು ಒಂದೇ ಮೆಟ್ಟಿಲಿಗೆ ಬಂದ ಮೇಲೆ ಮುಂದಿನದು.

ಅಂಗಡಿ, ದೇವಸ್ಥಾನಗಳ ಒಳಬಾಗಿಲಲ್ಲಿ ಎಲ್ಲರ ಬೂಟಿನ ಹಿಮ ಕರಗಿ ಟೈಲ್ಸ್ ಒದ್ದೆಯಾಗಿರುತ್ತದೆ. ಹಾಸಿದ ಚಾಪೆಯ ಮೇಲೆ ಬೂಟನ್ನು ಚೆನ್ನಾಗಿ ಒರೆಸಿ. ದೇವಸ್ಥಾನದಲ್ಲಿ ಬೂಟು ಬಿಟ್ಟು ಬರೀ ಕಾಲುಚೀಲದಲ್ಲಿ ಆ ನೀರಿನ ಮೇಲೆ ನಡೆದರೆ ಖಂಡಿತ ಜಾರುತ್ತದೆ. ಚೀಲದಲ್ಲಿ ಒಂದು ಒಣ ಜೊತೆ ಇಟ್ಟುಕೊಳ್ಳಿ, ಬೆಂಚಿನ ಮೇಲೆ ಕೂತು ಬದಲಿಸಿ.

ಸೈಕಲ್ ಓಡಿಸುವವರಿಗೆ

ಜನವರಿ ಸೆಮಿಸ್ಟರಿಗೆ ಹೊರಡುವ ನಮ್ಮ ಹುಡುಗ ಹುಡುಗಿಯರು ಕ್ಯಾಂಪಸ್ಸಿಗೆ ಹೋಗಲು ಹಳೇ ಸೈಕಲ್ ಕೊಳ್ಳುತ್ತಾರೆ. ಐಸ್ ಮೇಲೆ ಸೈಕಲ್ ಆಗದ ಮಾತೇನಲ್ಲ. ಫಿನ್ಲೆಂಡಿನ ಔಲು ನಗರದಲ್ಲಿ ಚಳಿಗಾಲವಿಡೀ ಜನ ಸೈಕಲ್ ಓಡಿಸುತ್ತಾರೆ, ಅಲ್ಲಿ ದಾರಿಗಳನ್ನು ಅದಕ್ಕಾಗಿಯೇ ಹದವಾಗಿ ಇಡುತ್ತಾರೆ. ನಿಮ್ಮ ಊರಿನ ದಾರಿ ಹಾಗಿಲ್ಲದಿದ್ದರೆ ಅಂಥ ದಿನ ಬಸ್ ಹಿಡಿಯುವುದೇ ಸರಿ.

ಓಡಿಸಲೇಬೇಕೆಂದರೆ ಮೊದಲ ಖರ್ಚು ಟಯರಿನದ್ದು. ಲೋಹದ ಮೊಳೆಗಳಿರುವ ಟಯರ್ ಸಿಗುತ್ತದೆ. ಎರಡೂ ಚಕ್ರಕ್ಕೆ ಹಾಕಿಸಿ. ಒಂದಕ್ಕೇ ದುಡ್ಡಿದ್ದರೆ ಮುಂದಿನದಕ್ಕೆ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೇರ ನೆಲಕ್ಕೆ. ಹಿಮದ ಮೇಲೆ ಟಯರಿನ ಗಾಳಿ ಸ್ವಲ್ಪ ಕಡಿಮೆ ಇರಲಿ, ಆದರೆ ಟಯರ್ ಮೇಲೆ ಬರೆದಿರುವ ಕನಿಷ್ಠಕ್ಕಿಂತ ಕೆಳಗೆ ಬೇಡ. ಸೀಟನ್ನು ತಗ್ಗಿಸಿ, ಎರಡೂ ಪಾದ ನೆಲಕ್ಕೆ ಸಿಗಬೇಕು.

ಐಸ್ ಮೇಲೆ ಬಂದುಬಿಟ್ಟಿರಿ ಅಂತ ಗೊತ್ತಾದರೆ ಏನೂ ಮಾಡಬೇಡಿ. ಬ್ರೇಕ್ ಬೇಡ, ತಿರುವು ಬೇಡ, ಪೆಡಲ್ ಒತ್ತುವುದೂ ಬೇಡ. ಹ್ಯಾಂಡಲ್ ನೇರ ಹಿಡಿದು ದಾಟಿಬಿಡಿ. ಬ್ರೇಕ್ ಹಿಡಿಯುವುದು, ವೇಗ ಇಳಿಸುವುದು ಎಲ್ಲ ತಿರುವಿಗೆ ಮೊದಲೇ ಮುಗಿದಿರಬೇಕು, ಅದೂ ಹಿಂದಿನ ಬ್ರೇಕ್, ಮೆಲ್ಲಗೆ. ತಿರುವಿನಲ್ಲಿ ಮೈ ವಾಲಿಸಬೇಡಿ. ರಸ್ತೆಯ ಅಂಚಿಗೆ ತೀರ ಹತ್ತಿರ ಹೋಗಬೇಡಿ, ಕರಗಿದ ನೀರು ಹರಿದು ಹೆಪ್ಪುಗಟ್ಟುವುದೇ ಅಲ್ಲಿ. ಟೊರೊಂಟೊದಲ್ಲಿ ಟ್ರಾಮ್ ಹಳಿಗಳಿವೆ, ಅವನ್ನು ಆದಷ್ಟು ನೇರಡ್ಡವಾಗಿ ದಾಟಿ. ಓರೆಯಾಗಿ ದಾಟಿದರೆ ಚಕ್ರ ಹಳಿಯೊಳಗೆ ಸಿಕ್ಕಿಬೀಳುತ್ತದೆ. ಹೆಲ್ಮೆಟ್ ಇಲ್ಲದೆ ಹೊರಡಲೇಬೇಡಿ, ಅದರೊಳಗೆ ತೆಳು ಟೋಪಿ ಸಾಕು. ಮುಂದೆ ಹಿಂದೆ ಲೈಟ್ ಇರಲಿ, ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ರಾತ್ರಿ ಅದನ್ನು ಒಳಗೆ ತಂದಿಡಿ. ರಸ್ತೆಯ ಉಪ್ಪು ಚೈನನ್ನು ತಿಂದುಹಾಕುತ್ತದೆ, ಆಗಾಗ ಒರೆಸಿ ಎಣ್ಣೆ ಬಿಡಿ.

ಬಿದ್ದರೆ

ಜಾರಿದಾಗ ಅಂಗೈ ಚಾಚುವುದು ಎಲ್ಲರ ಸಹಜ ಅಭ್ಯಾಸ. ಮಣಿಕಟ್ಟು ಮುರಿಯುವುದು ಹಾಗೇ. ಆದಷ್ಟು ಮಂಡಿ ಮಡಚಿ ತಗ್ಗಿ, ಗದ್ದವನ್ನು ಎದೆಗೆ ಒತ್ತಿ, ಒಂದು ಬದಿಗೆ ತೊಡೆ, ಪೃಷ್ಠ, ಭುಜದ ಮಾಂಸದ ಮೇಲೆ ಉರುಳುವಂತೆ ಬೀಳಿ. ಕೈಯಲ್ಲಿರುವ ವಸ್ತು ಬಿಟ್ಟುಬಿಡಿ, ಅದು ಒಡೆದರೆ ಒಡೆಯಲಿ.

ಬಿದ್ದ ಕೂಡಲೇ ಏಳಬೇಡಿ. ಯಾರಾದರೂ ಕೈ ಹಿಡಿದು ಎಳೆಯಲು ಬಂದರೂ "ಒಂದು ನಿಮಿಷ" ಅನ್ನಿ. ಕೈ, ಕಾಲು, ಕತ್ತು ಮೆಲ್ಲಗೆ ಆಡಿಸಿ ನೋಡಿ. ನೋವಿಲ್ಲದಿದ್ದರೆ ಮಗ್ಗುಲಾಗಿ, ಮಂಡಿ ಮತ್ತು ಅಂಗೈ ಮೇಲೆ ಬನ್ನಿ. ಒಂದು ಪಾದವನ್ನು ಎರಡು ಕೈಗಳ ನಡುವೆ ಇಟ್ಟು, ಅದರ ಮೇಲೆ ಭಾರ ಹಾಕಿ ಏಳಿ. ತೊಡೆಸಂದಿಯಲ್ಲಿ ನೋವಿದ್ದು ಕಾಲೂರಲು ಆಗದಿದ್ದರೆ, ಅಥವಾ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಅಲ್ಲಾಡಬೇಡಿ, ಸಹಾಯ ಕರೆಯಿರಿ. ಅಮೆರಿಕ, ಕೆನಡಾ ಎರಡರಲ್ಲೂ 911, ಯುರೋಪಿನ ದೇಶಗಳಲ್ಲಿ 112.

ತಲೆಗೆ ಪೆಟ್ಟು ಬಿದ್ದಿದ್ದು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ, ಏನೂ ಆಗಿಲ್ಲ ಅನ್ನಿಸಿದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಬೇರೆಯವರಿಗೂ ವಾಂತಿ, ಹೆಚ್ಚುವ ತಲೆನೋವು, ಮಂಪರು, ಮಾತಿನಲ್ಲಿ ತೊದಲು ಕಂಡರೆ ಕಾಯಬಾರದು. ಮಕ್ಕಳಿಗೆ ಸುಮ್ನೆ ಗಾಬರಿ ಯಾಕೆ ಅಂತ ಬಿದ್ದದ್ದನ್ನು ಮುಚ್ಚಿಡುವ ಅಪ್ಪ ಅಮ್ಮಂದಿರು ನಮ್ಮಲ್ಲಿ ಬಹಳ. ದಯವಿಟ್ಟು ಹಾಗೆ ಮಾಡಬೇಡಿ, ಸಂಜೆಯೊಳಗೆ ಹೇಳಿಬಿಡಿ.

ಚಳಿಯಲ್ಲಿ ಫೋನಿನ ಬ್ಯಾಟರಿ ಇದ್ದಕ್ಕಿದ್ದಂತೆ ಸಾಯುತ್ತದೆ. ಫೋನನ್ನು ಜಾಕೆಟ್ಟಿನ ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಡಿ. ಅದರ ಜೊತೆಗೆ ಒಂದು ಚೀಟಿ ಇರಲಿ. ಮನೆಯ ವಿಳಾಸ, ಮಗನ ಅಥವಾ ಮಗಳ ನಂಬರ್, ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ವಿಮೆಯ ನಂಬರ್, ಎಲ್ಲ ಇಂಗ್ಲಿಷಿನಲ್ಲಿ ದೊಡ್ಡಕ್ಷರದಲ್ಲಿ ಬರೆದು ಪ್ಲಾಸ್ಟಿಕ್ ಕವರಿಗೆ ಹಾಕಿ. ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರೆ ಇಬ್ಬರ ಜೇಬಿನಲ್ಲೂ ಒಂದೊಂದು.